ಹೌಟನ್‌ನಲ್ಲಿ ಎಂಎಸ್: ಇಷ್ಟು ಸಣ್ಣ ಊರಿಗೆ ಹೋಗಬಹುದಾ?

ಹಾಸನದ ಹುಡುಗಿ

ಎಲ್ಲರಿಗೂ ನಮಸ್ಕಾರ. ನನಗೆ ಅಮೆರಿಕದ ಹೌಟನ್ ಊರಿನ ಮಿಶಿಗನ್ ಟೆಕ್ ಯೂನಿವರ್ಸಿಟಿಯಲ್ಲಿ ಮೆಕ್ಯಾನಿಕಲ್ ಎಂಎಸ್‌ಗೆ ಸೀಟು ಸಿಕ್ಕಿದೆ. ಟೆಕ್ಸಸ್‌ನ ಒಂದು ದೊಡ್ಡ ಯೂನಿವರ್ಸಿಟಿಯಲ್ಲೂ ಸಿಕ್ಕಿದೆ. ಅಲ್ಲಿ ನಮ್ಮ ದೊಡ್ಡಪ್ಪನ ಮಗ ಇದ್ದಾನೆ, ಹಾಗಾಗಿ ಮನೆಯವರಿಗೆಲ್ಲ ಟೆಕ್ಸಸ್ಸೇ ಸರಿ ಅನಿಸಿದೆ. ನನ್ನ ಮನಸ್ಸು ಇರುವುದು ಹೌಟನ್ ಮೇಲೆ. ನನಗೆ ಗಾಡಿಗಳ ಕೆಲಸವೇ ಕಲಿಯಬೇಕು. ಹಿಮದಲ್ಲಿ ಗಾಡಿ ಓಡಿಸಿ ಪರೀಕ್ಷೆ ಮಾಡುವ ಜಾಗವನ್ನೇ ಆ ಯೂನಿವರ್ಸಿಟಿ ಇಟ್ಟುಕೊಂಡಿದೆ ಅಂತ ಓದಿದಾಗಿನಿಂದ ಬೇರೆ ಏನೂ ತಲೆಗೆ ಹೋಗುತ್ತಿಲ್ಲ.

ಆದರೆ ಅಪ್ಪ ಮ್ಯಾಪ್ ತೆಗೆದು ನೋಡಿದರು. ಮೇಲೆ ಕೆನಡಾ, ಸುತ್ತ ನೀರು, ನಡುವೆ ಬೆರಳಿನ ಹಾಗೆ ಚಾಚಿಕೊಂಡ ನೆಲ, ಅದರ ಮೇಲೆ ಎಂಟು ಸಾವಿರ ಜನರ ಊರು. "ನಮ್ಮ ಹೋಬಳಿಯಲ್ಲಿ ಇದಕ್ಕಿಂತ ಜಾಸ್ತಿ ಜನ ಇದ್ದಾರಲ್ಲಮ್ಮ" ಅಂದವರು ಎರಡು ದಿನ ಆ ಮಾತೇ ಎತ್ತಿಲ್ಲ. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಸುಮ್ನೆ ಇರುವುದು ನೋಡಿದರೆ ನನಗೇ ಭಯ ಆಗುತ್ತಿದೆ.

ಅಲ್ಲಿ ಓದಿದವರು, ಓದುತ್ತಿರುವವರು ದಯವಿಟ್ಟು ಹೇಳಿ. ಕ್ಲಾಸು, ಪ್ರಾಜೆಕ್ಟಿನ ವಿಷಯ ವೆಬ್‌ಸೈಟಿನಲ್ಲಿ ಸಿಗುತ್ತದೆ. ಸಂಜೆ ಐದಾದ ಮೇಲೆ ಅಲ್ಲಿ ಏನಿರುತ್ತದೆ? ಜನ ಹೇಗೆ? ಒಬ್ಬಳೇ ಆಗಿಬಿಡುತ್ತೇನಾ?

ಹಳೇ ಹಸ್ಕಿ

ಮೊದಲು ಹೆಸರು ಸರಿ ಮಾಡಿಕೊಳ್ಳಿ ತಂಗಿ. ಅಲ್ಲಿಯವರು ಹೋಟನ್ ಅನ್ನುತ್ತಾರೆ. ವೀಸಾ ಇಂಟರ್‌ವ್ಯೂನಲ್ಲಿ ಹೇಗಂದರೂ ನಡೆಯುತ್ತದೆ, ಊರಿನವರ ಮುಂದೆ ಹೋಟನ್ ಅಂದರೆ ಖುಷಿಪಡುತ್ತಾರೆ.

ನಾನು ಹುಬ್ಬಳ್ಳಿಯವನು. ಅಲ್ಲಿ ಎಂಎಸ್ ಮಾಡಿ ಈಗ ಡೆಟ್ರಾಯಿಟ್ ಹತ್ತಿರ ಕೆಲಸದಲ್ಲಿದ್ದೇನೆ. ನಿಮ್ಮ ಅಪ್ಪನ ಲೆಕ್ಕ ತಪ್ಪಲ್ಲ. 2020ರ ಗಣತಿಯಲ್ಲಿ ಹೋಟನ್ ಜನಸಂಖ್ಯೆ ಎಂಟು ಸಾವಿರದ ಚಿಲ್ಲರೆ. ಟೆಕ್‌ನ ವಿದ್ಯಾರ್ಥಿಗಳೇ ಸುಮಾರು ಏಳು ಸಾವಿರ. ಅಂದರೆ ಊರು ಬೇರೆ, ಕಾಲೇಜು ಬೇರೆ ಅಲ್ಲ. ಅಂಗಡಿಯವರು, ಬಸ್ ಓಡಿಸುವವರು, ಬ್ಯಾಂಕಿನವರು ಎಲ್ಲರೂ ನೀವು ಯಾವ ಡಿಪಾರ್ಟ್‌ಮೆಂಟ್ ಅಂತ ಕೇಳಿಯೇ ಮಾತು ಶುರು ಮಾಡುತ್ತಾರೆ. ಡೆಟ್ರಾಯಿಟ್ ಅದೇ ರಾಜ್ಯದಲ್ಲಿದ್ದರೂ ಐನೂರು ಮೈಲಿಗಿಂತ ದೂರ. ಚಿಕಾಗೋ ಅದಕ್ಕಿಂತ ಹತ್ತಿರ, ಕಾರಿನಲ್ಲಿ ಏಳು ಗಂಟೆ. ಇದನ್ನು ಮುಚ್ಚಿಟ್ಟು ನಿಮ್ಮನ್ನು ಕರೆಯುವುದಿಲ್ಲ.

ಸಂಜೆ ಐದಾದ ಮೇಲೆ ಏನಿರುತ್ತದೆ ಅಂತ ಕೇಳಿದ್ದೀರಿ. ನನ್ನ ಮೊದಲ ಚಳಿಗಾಲದ ಕತೆ ಹೇಳುತ್ತೇನೆ.

ನವೆಂಬರ್‌ನಿಂದ ಜನವರಿವರೆಗೆ ನಾನು ರೂಮು, ಲ್ಯಾಬು, ರೂಮು ಇಷ್ಟೇ ಮಾಡಿದ್ದು. ಹೊರಗೆ ಹಿಮ ಬೀಳುತ್ತಲೇ ಇತ್ತು. ಅಲ್ಲಿ ವರ್ಷಕ್ಕೆ ಸರಾಸರಿ 200 ಇಂಚಿಗೂ ಹೆಚ್ಚು ಬೀಳುತ್ತದೆ, ಅಂದರೆ ಐದು ಮೀಟರ್. ಊರಿನಿಂದ ಉತ್ತರಕ್ಕೆ ಹೋದರೆ 41ನೇ ಹೆದ್ದಾರಿ ಪಕ್ಕ ಹಿಮದ ಅಳತೆಗೋಲು ಅಂತಲೇ ಒಂದು ಎತ್ತರದ ಕಂಬ ನಿಲ್ಲಿಸಿದ್ದಾರೆ. ಅದರ ಮೇಲಿರುವ ದಾಖಲೆ 1978-79ರದು, 390.4 ಇಂಚು. ಅದರ ಬುಡದಲ್ಲಿ ನಿಂತು ಕತ್ತೆತ್ತಿ ನೋಡಿದರೆ ಮೂರು ಮಹಡಿ ಮನೆ ನೋಡಿದ ಹಾಗೆ ಆಗುತ್ತದೆ.

ಆ ಫೆಬ್ರವರಿಯಲ್ಲಿ ಪಕ್ಕದ ಮನೆಯ ಹುಡುಗ, ಅಲ್ಲೇ ಹುಟ್ಟಿ ಬೆಳೆದ ಯೂಪರ್, ಬಾಗಿಲು ಬಡಿದ. ಅಲ್ಲಿಯ ಜನರನ್ನು ಯೂಪರ್ ಅನ್ನುತ್ತಾರೆ, ಅವರೂ ಹೆಮ್ಮೆಯಿಂದ ಹಾಗೇ ಹೇಳಿಕೊಳ್ಳುತ್ತಾರೆ. "ಇವತ್ತು ರಾತ್ರಿ ಆಲ್‌ನೈಟರ್, ನಮಗೆ ಕೈ ಕಡಿಮೆ ಇದೆ, ಬಾ" ಅಂದ. ಅದು ಟೆಕ್‌ನ ಚಳಿಗಾಲದ ಹಬ್ಬ ವಿಂಟರ್ ಕಾರ್ನಿವಲ್‌ನ ರಾತ್ರಿ. ಆ ಹಬ್ಬ 1922ರಿಂದ ನಡೆದುಕೊಂಡು ಬಂದಿದೆ. ಪ್ರತಿ ವರ್ಷ ಒಂದು ವಿಷಯ ಇಟ್ಟುಕೊಂಡು ವಿದ್ಯಾರ್ಥಿಗಳ ಗುಂಪುಗಳು ಹಿಮದಲ್ಲಿ ಶಿಲ್ಪ ಕಟ್ಟುತ್ತವೆ. ಕೆಲವು ಗುಂಪುಗಳು ತಿಂಗಳುಗಟ್ಟಲೆ ಕಟ್ಟುತ್ತವೆ, ಅವು ಮನೆಯಷ್ಟು ದೊಡ್ಡವು. ಇನ್ನು ಕೆಲವರು ಬುಧವಾರ ಸಂಜೆ ಶುರು ಮಾಡಿ ಗುರುವಾರ ಬೆಳಗಾಗುವಷ್ಟರಲ್ಲಿ ಮುಗಿಸಬೇಕು. ಗುರುವಾರ, ಶುಕ್ರವಾರ ಕ್ಲಾಸು ಇರುವುದಿಲ್ಲ.

ಒಣ ಹಿಮ ಅಂಟುವುದಿಲ್ಲ. ಬಕೆಟ್‌ನಲ್ಲಿ ನೀರು ಬೆರೆಸಿ ಇಡ್ಲಿ ಹಿಟ್ಟಿನ ಹದಕ್ಕೆ ಕಲಸಬೇಕು. ಆಮೇಲೆ ಹಲಗೆ ಕಟ್ಟಿದ ಅಚ್ಚಿನೊಳಗೆ ತುಂಬಿ ತುಳಿದು ಗಟ್ಟಿ ಮಾಡಬೇಕು, ಮೇಲೆ ಕೆತ್ತಬೇಕು. ಮೊದಲ ಒಂದು ಗಂಟೆ ಬೆರಳು ಇದೆಯೋ ಇಲ್ಲವೋ ಗೊತ್ತಾಗಲಿಲ್ಲ. ಆಮೇಲೆ ಕೆಲಸದಲ್ಲಿ ಮೈ ಬಿಸಿಯಾಯಿತು. ಪಕ್ಕದ ಗುಂಪಿನವರು ಮಂಜುಗಡ್ಡೆಯ ಹಾಳೆಯನ್ನು ಬಟ್ಟೆ ಇಸ್ತ್ರಿ ಮಾಡುವ ಪೆಟ್ಟಿಗೆಯಿಂದ ಉಜ್ಜಿ ಗಾಜಿನ ಹಾಗೆ ಮಾಡುತ್ತಿದ್ದರು. ಕ್ಯಾಂಪಸ್ ತುಂಬ ಲೈಟು, ಹಾಡು, ಮೈಕಿನಲ್ಲಿ ಯಾರೋ ಕೂಗುವುದು. ಊರಿನವರು ಚಿಕ್ಕ ಮಕ್ಕಳನ್ನು ಸ್ಲೆಡ್ ಮೇಲೆ ಕೂರಿಸಿ ಎಳೆದುಕೊಂಡು ರಾತ್ರಿ ಹತ್ತು ಗಂಟೆಗೆ ನೋಡಲು ಬರುತ್ತಿದ್ದರು. ಬೆಳಗಿನ ಜಾವ ನಾಲ್ಕಕ್ಕೆ ಯಾರೋ ಬಿಸಿ ಸೂಪು ಕೊಟ್ಟರು, ಅವರು ಯಾರು ಅಂತ ಇವತ್ತಿಗೂ ಗೊತ್ತಿಲ್ಲ.

ನಮ್ಮ ಕಡೆ ಗಣಪತಿ ಮಂಟಪ ಕಟ್ಟುವ ರಾತ್ರಿ ಇರುತ್ತದಲ್ಲ, ನಿಖರವಾಗಿ ಅದೇ. ಆ ರಾತ್ರಿ ಮೂವತ್ತು ಜನರ ಹೆಸರು ಗೊತ್ತಾಯಿತು. ಮೂರು ತಿಂಗಳಲ್ಲಿ ಆಗದ್ದು ಒಂದೇ ರಾತ್ರಿ ಆಯಿತು.

ಶಿರಸಿ ಮಳೆ

ನಾನು ಈಗ ಅಲ್ಲೇ ಪಿಎಚ್‌ಡಿ ಮೂರನೇ ವರ್ಷದಲ್ಲಿದ್ದೇನೆ. ಹುಡುಗಿಯರ ಮಾತು ಹುಡುಗಿಯೇ ಹೇಳಲಿ ಅಂತ ಬರೆಯುತ್ತಿದ್ದೇನೆ.

ಕ್ಯಾಂಪಸ್‌ನಲ್ಲಿ ಹುಡುಗರೇ ಜಾಸ್ತಿ, ಅದು ನಿಜ. ಎಂಜಿನಿಯರಿಂಗ್ ಶಾಲೆ ಅಲ್ವಾ. ಆದರೆ ರಾತ್ರಿ ಹನ್ನೊಂದಕ್ಕೆ ಲೈಬ್ರರಿಯಿಂದ ಒಬ್ಬಳೇ ನಡೆದು ಬರುವಾಗ ನಾನು ಹೆದರುವುದು ಜಾರಿ ಬೀಳುವುದಕ್ಕೆ ಮಾತ್ರ.

ಚಳಿಗಿಂತ ಕಷ್ಟ ಕತ್ತಲೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಹೋಟನ್ ತುಂಬ ಪಶ್ಚಿಮಕ್ಕೆ ಇದೆ, ಗಡಿಯಾರ ಮಾತ್ರ ನ್ಯೂಯಾರ್ಕಿನದು. ಜನವರಿ ಮೊದಲ ವಾರ ಸೂರ್ಯ ಹುಟ್ಟುವಾಗ ಎಂಟು ನಲವತ್ತು. ಎಂಟರ ಕ್ಲಾಸಿಗೆ ಕತ್ತಲಲ್ಲೇ ಹೋಗುತ್ತೀರಿ. ಸಂಜೆ ಐದೂಕಾಲಿಗೆ ಮತ್ತೆ ಕತ್ತಲೆ. ನಡುವಿನ ಹೊತ್ತಿನಲ್ಲೂ ಮೋಡ. ನನಗೆ ಮೊದಲ ವರ್ಷ ಸುಮ್ನೆ ಅಳು ಬರುತ್ತಿತ್ತು, ಕಾರಣವೇ ಇಲ್ಲದೆ. ಡಾಕ್ಟರ್ ಹತ್ತಿರ ಹೋದೆ. ವಿಟಮಿನ್ ಡಿ ಕಡಿಮೆ ಇತ್ತು, ಮಾತ್ರೆ ಕೊಟ್ಟರು. ಬೆಳಗ್ಗೆ ಪ್ರಖರ ದೀಪದ ಮುಂದೆ ಅರ್ಧ ಗಂಟೆ ಕೂರಲು ಹೇಳಿದರು. ಕೌನ್ಸೆಲಿಂಗ್‌ಗೂ ಹೋದೆ. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ, ನಿನಗೂ ಬೇಡ. ಅಕ್ಟೋಬರ್‌ನಲ್ಲೇ ಶುರು ಮಾಡು, ಅಳು ಬರುವವರೆಗೆ ಕಾಯಬೇಡ.

ಆದರೆ ಜೂನ್‌ನಲ್ಲಿ ರಾತ್ರಿ ಒಂಬತ್ತು ಐವತ್ತಕ್ಕೆ ಸೂರ್ಯ ಮುಳುಗುತ್ತಾನೆ. ಲೇಕ್ ಸುಪೀರಿಯರ್ ದಡದಲ್ಲಿ ಕೂತು ಅದನ್ನು ನೋಡಿದ ಮೇಲೆ ನಾನು ಜನವರಿಯನ್ನು ಕ್ಷಮಿಸಿದ್ದೇನೆ.

ಹಿಮದ ಬಗ್ಗೆ ಒಂದು ಮಾತು. ನಾನು ಮಲೆನಾಡಿನವಳು. ಅಲ್ಲಿಯ ಹಿಮ ನನಗೆ ಅರ್ಥವಾದದ್ದು ನಮ್ಮ ಮಳೆಯಿಂದ. ಅರಬ್ಬಿ ಸಮುದ್ರದ ಮೋಡ ಘಟ್ಟಕ್ಕೆ ಬಡಿದು ಸುರಿಯುತ್ತದೆ. ಅಲ್ಲಿ ಕೆನಡಾ ಕಡೆಯ ಒಣ ಚಳಿಗಾಳಿ ಸರೋವರದ ಮೇಲೆ ಹಾಯುವಾಗ ನೀರಿನ ಆವಿ ಹೀರಿಕೊಂಡು ಬಂದು, ಕೀವಿನಾ, ಅಂದರೆ ಹೋಟನ್ ಇರುವ ಆ ಚಾಚಿದ ನೆಲ, ಸಿಕ್ಕ ಕೂಡಲೇ ಹಿಮವಾಗಿ ಕೊಡವುತ್ತದೆ. ನಮ್ಮಲ್ಲಿ ಮೇ ತಿಂಗಳಲ್ಲಿ ಸೌದೆ ಕೂಡಿಡುವುದು, ಹಪ್ಪಳ ಒಣಗಿಸುವುದು, ಮಾಡಿನ ಹೆಂಚು ತಿರುಗಿಸುವುದು ಇರುತ್ತದಲ್ಲ, ಅಲ್ಲಿಯ ಅಜ್ಜಿಯರೂ ಚಳಿಗಾಲಕ್ಕೆ ಮುಂಚೆ ಹಾಗೇ ಮಾಡುತ್ತಾರೆ. ಸೌದೆ ಒಟ್ಟುತ್ತಾರೆ, ಬ್ಲೂಬೆರಿ, ಥಿಂಬಲ್‌ಬೆರಿ ಹಣ್ಣುಗಳ ಜಾಮ್ ಮಾಡಿಡುತ್ತಾರೆ. ಮಾಡಿನಿಂದ ಹಿಮ ಎಳೆದು ಹಾಕಲು ಉದ್ದ ಕೋಲಿನ ಕುಂಟೆ ಇರುತ್ತದೆ. ಅಂಗಳದ ಹಿಮವನ್ನು ಎತ್ತುವುದಿಲ್ಲ, ಅಗಲವಾದ ತಗಡಿನ ಸ್ಕೂಪಿನಲ್ಲಿ ತಳ್ಳುತ್ತಾರೆ. ಸೊಂಟ ಉಳಿಸಿಕೊಳ್ಳುವ ಉಪಾಯ ಅದು. ಮಳೆ ಬಂತು ಅಂತ ಮಲೆನಾಡಿನಲ್ಲಿ ಯಾರೂ ಕೆಲಸ ನಿಲ್ಲಿಸುವುದಿಲ್ಲ, ಅಲ್ವಾ? ಅಲ್ಲೂ ಅಷ್ಟೇ.

ಜೋಳದ ಹೊಲ

ಎಲ್ಲರೂ ಚಂದ ಚಂದ ಬರೆಯುತ್ತಿದ್ದಾರೆ. ನಾನು ಇನ್ನೊಂದು ಮುಖ ಹೇಳಲೇಬೇಕು.

ನಾನು ಓದಿದ್ದು ಅಯೋವಾದ ಒಂದು ಸಣ್ಣ ಊರಿನಲ್ಲಿ. ಕಾಲೇಜಿನ ಹೆಸರು ಬೇಡ. ನಾಲ್ಕೂ ಕಡೆ ಜೋಳದ ಹೊಲ, ನಡುವೆ ಕ್ಯಾಂಪಸ್. ನಾನು ಬಿಎಸ್‌ಗೆ ಹೋದಾಗ ಇಡೀ ಕ್ಯಾಂಪಸ್‌ನಲ್ಲಿ ಕನ್ನಡ ಮಾತಾಡುವವರು ಇನ್ನೊಬ್ಬರಿರಲಿಲ್ಲ. ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ ಎಲ್ಲರ ಅಪ್ಪಅಮ್ಮ ಕಾರು ತಂದು ಕರೆದುಕೊಂಡು ಹೋದರು. ಊಟದ ಹಾಲ್ ಮುಚ್ಚಿತು. ನನ್ನ ಮಹಡಿಯಲ್ಲಿ ನಾನೊಬ್ಬನೇ. ಐದು ದಿನ ಬ್ರೆಡ್ಡು, ಕಡಲೆಬೆಣ್ಣೆ. ನಾಲ್ಕನೇ ದಿನ ನನ್ನ ದನಿ ನನಗೇ ಕೇಳಿಸಲಿ ಅಂತ ಜೋರಾಗಿ ಪಾಠ ಓದಿದೆ.

ಎರಡನೇ ವರ್ಷ ಹೊರಗೆ ಮನೆ ಮಾಡಿದೆ. ಆ ಮನೆಯ ಮಾಲೀಕ ಜನವರಿಯಲ್ಲಿ ಹೀಟರ್ ಕೆಟ್ಟಾಗ ಒಂಬತ್ತು ದಿನ ಬರಲಿಲ್ಲ. ದೊಡ್ಡ ಊರಾಗಿದ್ದರೆ ಬೇರೆ ಮನೆ ನೋಡಬಹುದಿತ್ತು. ಅಲ್ಲಿ ಬೇರೆ ಮನೆಯೇ ಇರಲಿಲ್ಲ. ಕಾರಿಲ್ಲದವನಿಗೆ ತರಕಾರಿ ತರುವುದೂ ಇನ್ನೊಬ್ಬರ ಋಣ. ಸಣ್ಣ ಊರಿನಲ್ಲಿ ಎಲ್ಲರಿಗೂ ನೀನು ಗೊತ್ತಿರುತ್ತೀಯ ಅನ್ನುವುದು ಒಳ್ಳೆಯದೇ. ಆದರೆ ಒಬ್ಬರ ಜೊತೆ ಮುನಿಸು ಬಂದರೆ ತಪ್ಪಿಸಿಕೊಂಡು ಹೋಗಲು ಇನ್ನೊಂದು ಬೀದಿ ಇರುವುದಿಲ್ಲ.

ತಂಗಿ, ಟೆಕ್ಸಸ್‌ನಲ್ಲಿ ನಿಮ್ಮವರೇ ಇದ್ದಾರೆ. ಅದು ಸಣ್ಣ ವಿಷಯ ಅಲ್ಲ.

ಹಳೇ ಹಸ್ಕಿ

ಜೋಳದ ಹೊಲ ಅವರೇ, ನೀವು ಹೇಳಿದ ಐದು ದಿನ ಓದಿ ಮನಸ್ಸು ಭಾರವಾಯಿತು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಒಂದೇ ವ್ಯತ್ಯಾಸ: ಟೆಕ್‌ನಲ್ಲಿ ಗ್ರ್ಯಾಡ್ ಓದಲು ಬರುವ ಭಾರತದವರು ಸಾಕಷ್ಟು ಜನ ಇದ್ದಾರೆ, ಅದರಲ್ಲೂ ಮೆಕ್ಯಾನಿಕಲ್‌ನಲ್ಲಿ. ನಮ್ಮ ಕಾಲದಲ್ಲಿ ಥ್ಯಾಂಕ್ಸ್‌ಗಿವಿಂಗ್‌ಗೆ ಉಳಿದವರೆಲ್ಲ ಒಂದು ಮನೆಯಲ್ಲಿ ಸೇರಿ ಬಿಸಿಬೇಳೆಬಾತ್ ಮಾಡುತ್ತಿದ್ದೆವು. ಮನೆಯ ಮಾಲೀಕರ ವಿಷಯದಲ್ಲಿ ನೀವು ಹೇಳಿದ್ದು ಪೂರ್ತಿ ಸರಿ. ಕಾಗದಕ್ಕೆ ಸಹಿ ಹಾಕುವ ಮೊದಲು ಹೀಟಿಂಗ್ ಯಾರ ಖರ್ಚು, ಅಂಗಳದ ಹಿಮ ಯಾರು ತೆಗೆಯುತ್ತಾರೆ, ಈ ಎರಡು ಪ್ರಶ್ನೆ ಬರಹದಲ್ಲೇ ಕೇಳಿ. ಮೊದಲ ವರ್ಷ ಯೂನಿವರ್ಸಿಟಿಯ ಡ್ಯಾನಿಯಲ್ ಹೈಟ್ಸ್ ಮನೆಗಳಲ್ಲಿ ಸಿಕ್ಕರೆ ಅಲ್ಲೇ ಇರಿ.

ಚಾಂಪಿಯನ್ ರೀಫ್

ನಾನು ಕೆಜಿಎಫ್‌ನವನು. ನಮ್ಮ ತಾತ ಚಾಂಪಿಯನ್ ರೀಫ್ ಗಣಿಯೊಳಗೆ ದುಡಿದವರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದಾಗ ನಾನು ಶಾಲೆಯಲ್ಲಿದ್ದೆ. ಆಮೇಲೆ ಜಿಯಾಲಜಿ ಓದಲು ಹೋಟನ್‌ಗೆ ಹೋದೆ. ಆ ಊರಿನ ಬಗ್ಗೆ ನಾನು ಹೇಳದೆ ಇರಲಾರೆ.

ಮೊದಲ ದಿನ ಬಸ್ಸಿನಿಂದ ಇಳಿದು ನೀರಿನ ಆಚೆ ದಡ ನೋಡಿದೆ. ಹ್ಯಾನ್‌ಕಾಕ್ ಗುಡ್ಡದ ಮೇಲೆ ಕ್ವಿನ್ಸಿ ಗಣಿಯ ಶಾಫ್ಟ್ ಕಟ್ಟಡ, ಗಣಿಗೆ ಇಳಿಯುವ ಬಾವಿಯ ಮೇಲೆ ಕಟ್ಟಿದ್ದು, ಒಂಟಿಯಾಗಿ ನಿಂತಿತ್ತು. ಎದೆ ಧಸಕ್ ಅಂದಿತು. ನಮ್ಮೂರಿನ ಶಾಫ್ಟ್ ಗೋಪುರವೇ ಎದ್ದು ಅಲ್ಲಿಗೆ ಬಂದು ನಿಂತ ಹಾಗಿತ್ತು. ಅಲ್ಲಿ ತಾಮ್ರ, ನಮ್ಮಲ್ಲಿ ಚಿನ್ನ. ಎರಡೂ ಕಡೆ ಮೊದಲು ಕೆಲಸ ಕಲಿಸಿದವರು ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಬಂದ ಗಣಿಗಾರರೇ. ಕೀವಿನಾಗೆ 1840ರ ದಶಕದಲ್ಲಿ ಹೋದರು, ಕೋಲಾರಕ್ಕೆ 1880ರ ದಶಕದಲ್ಲಿ ಬಂದರು. ಅವರು ಗಣಿಗೆ ಕಟ್ಟಿಕೊಂಡು ಹೋಗುತ್ತಿದ್ದ ಪ್ಯಾಸ್ಟಿ ಇವತ್ತಿಗೂ ಹೋಟನ್‌ನಲ್ಲಿ ಎಲ್ಲರ ಊಟ. ದೊಡ್ಡ ಕರ್ಜಿಕಾಯಿಯ ಆಕಾರ, ಒಳಗೆ ಮಾಂಸ, ಆಲೂಗಡ್ಡೆ, ಈರುಳ್ಳಿ, ರುಟಬೇಗ ಅನ್ನುವ ಗೆಡ್ಡೆ. ಬರೀ ತರಕಾರಿಯದೂ ಕೇಳಿದರೆ ಸಿಗುತ್ತದೆ.

ಆ ಯೂನಿವರ್ಸಿಟಿಯೇ ಗಣಿಯಿಂದ ಹುಟ್ಟಿದ್ದು. 1885ರಲ್ಲಿ ಮಿಶಿಗನ್ ಗಣಿ ಶಾಲೆ ಅಂತ ಶುರುವಾಯಿತು. ಮೊದಲ ತಂಡದಲ್ಲಿ 23 ಹುಡುಗರು, ಊರಿನ ಅಗ್ನಿಶಾಮಕ ಠಾಣೆಯ ಮಹಡಿಯಲ್ಲಿ ಪಾಠ. ತಾಮ್ರ ಮುಗಿಯಿತು, ಗಣಿಗಳು ಒಂದೊಂದಾಗಿ ಮುಚ್ಚಿದವು, ಕ್ವಿನ್ಸಿ 1945ರಲ್ಲಿ ನಿಂತಿತು. ಶಾಲೆ ಮಾತ್ರ ಉಳಿಯಿತು, ಬೆಳೆಯಿತು, 1964ರಲ್ಲಿ ಈಗಿನ ಹೆಸರು ಬಂತು. ನಮ್ಮ ಕೆಜಿಎಫ್‌ನಲ್ಲೂ ಹಾಗೆ ಒಂದು ಕಾಲೇಜು ಗಣಿಯ ಜೊತೆಗೇ ಹುಟ್ಟಿ ಬೆಳೆದಿದ್ದರೆ ಇವತ್ತು ಬೆಳಗ್ಗೆ ಐದರ ರೈಲಿಗೆ ಸಾವಿರಾರು ಜನ ಬೆಂಗಳೂರಿಗೆ ಓಡಬೇಕಿರಲಿಲ್ಲ ಅಂತ ಅಲ್ಲಿ ಇದ್ದಷ್ಟು ದಿನವೂ ಅನಿಸುತ್ತಿತ್ತು. ಈಗಲೂ ಅನಿಸುತ್ತದೆ.

ಕ್ಯಾಂಪಸ್‌ನ ಸೀಮನ್ ಖನಿಜ ಮ್ಯೂಸಿಯಂಗೆ ತಪ್ಪದೆ ಹೋಗು. ನೆಲದಿಂದ ಹಾಗೇ ಲೋಹವಾಗಿ ಸಿಕ್ಕ ತಾಮ್ರ, ಮರದ ಕೊಂಬೆಯ ಹಾಗೆ ಕವಲೊಡೆದದ್ದು, ಅಲ್ಲಿದೆ. ಅಪ್ಪನಿಗೆ ಹೇಳು, ಆ ಊರು ಸಣ್ಣದಿರಬಹುದು, ಆದರೆ ಕೆಲಸ ಮಾಡುವವರ ಊರು. ಹೊರಗಿನಿಂದ ಬಂದವರನ್ನು ನೋಡಿ ಅಲ್ಲಿ ಯಾರೂ ಹೊಸದಾಗಿ ಬೆರಗಾಗುವುದಿಲ್ಲ. ಫಿನ್‌ಲೆಂಡ್, ಇಟಲಿ, ಕ್ರೊಯೇಷಿಯಾ, ಎಲ್ಲ ಕಡೆಯಿಂದ ಬಂದವರ ಮೊಮ್ಮಕ್ಕಳೇ ಅವರು.

ತುಮಕೂರು ಅಮ್ಮ

ನಾನು ಸಾಮಾನ್ಯವಾಗಿ ಓದುತ್ತೇನೆ, ಬರೆಯುವುದು ಕಡಿಮೆ. ಮಗಳೇ, ನಿಮ್ಮ ಅಪ್ಪ ಎರಡು ದಿನ ಮಾತಾಡಿಲ್ಲ ಅಂದೆಯಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನನ್ನ ಮಗ ಅಲ್ಲೇ ಓದಿದ. ಅವನು ಹೊರಟಾಗ ನಮ್ಮ ಮನೆಯವರೂ ಹೀಗೇ ಇದ್ದರು. ಕೋಪ ಅಲ್ಲ ಅದು. ಮಗು ಜ್ವರ ಬಂದು ಮಲಗಿದರೆ ತಲೆ ಮುಟ್ಟಿ ನೋಡುವವರು ಯಾರು ಅನ್ನುವ ಯೋಚನೆ. ಬಾಯಲ್ಲಿ ಹೇಳಲು ಬರುವುದಿಲ್ಲ ಅವರಿಗೆ.

2018ರ ಜೂನ್ 17, ಅಲ್ಲಿ ಅಪ್ಪಂದಿರ ದಿನ. ಬೆಳಗಿನ ಜಾವ ಭಾರೀ ಮಳೆ ಸುರಿದು ಗುಡ್ಡದ ರಸ್ತೆಗಳೆಲ್ಲ ಕೊಚ್ಚಿಹೋದವು. ನಮಗೆ ಫೋನ್ ಸಿಕ್ಕಿದ್ದು ಅರ್ಧ ದಿನದ ಮೇಲೆ. ನಾನು ದೇವರ ಮುಂದೆ ಕೂತುಬಿಟ್ಟಿದ್ದೆ. ಫೋನ್ ಸಿಕ್ಕಾಗ ಅವನು "ಅಮ್ಮಾ, ಆಮೇಲೆ ಮಾಡ್ತೀನಿ, ಒಬ್ಬರು ಅಜ್ಜಿ ಮನೆಯ ನೆಲಮಾಳಿಗೆಯಲ್ಲಿ ಕೆಸರು ತೆಗೀತಾ ಇದ್ದೀವಿ" ಅಂದ. ರಜೆಗೆ ಊರಿಗೆ ಹೋಗದೆ ಉಳಿದ ಹುಡುಗರೆಲ್ಲ ಸಲಿಕೆ ಹಿಡಿದು ಬೀದಿ ಬೀದಿ ಹೋಗಿದ್ದರಂತೆ. ಆ ಅಜ್ಜಿ ಆಮೇಲೆ ಅವನಿಗೆ ಉಣ್ಣೆಯ ಟೋಪಿ ಹೆಣೆದು ಕೊಟ್ಟರು. ಅವನ ಪದವಿ ಸಮಾರಂಭಕ್ಕೆ ನಾವು ಹೋಗಲಾಗಲಿಲ್ಲ, ವೀಸಾ ಆಗಲಿಲ್ಲ. ನಮ್ಮ ಜಾಗದಲ್ಲಿ ಅವರು ಕೂತಿದ್ದರು. ಫೋಟೋ ನಮ್ಮ ಹಾಲ್‌ನಲ್ಲಿದೆ.

ನಿಮ್ಮ ಅಪ್ಪನಿಗೆ ಅಂಕಿಅಂಶ ತೋರಿಸಬೇಡ ಮಗಳೇ. ಅಲ್ಲಿ ಇರುವ ಒಬ್ಬರ ಜೊತೆ ಫೋನಿನಲ್ಲಿ ಮಾತಾಡಿಸು.

ಹಾಸನದ ಹುಡುಗಿ

ಅಮ್ಮಾ, ನಿಮ್ಮ ಮಾತು ಓದಿ ಅಡುಗೆಮನೆಗೆ ಹೋಗಿ ಅತ್ತೆ. ಶಿರಸಿ ಅಕ್ಕ, ನೀವು ಅಪ್ಪನ ಜೊತೆ ಹತ್ತು ನಿಮಿಷ ಮಾತಾಡುತ್ತೀರಾ? ಯಾವ ಹೊತ್ತು ಅನುಕೂಲ ಅಂತ ಮೆಸೇಜ್ ಮಾಡುತ್ತೇನೆ.

ಇನ್ನೂ ಎರಡು ವಿಷಯ. ನಾವು ಮನೆಯಲ್ಲಿ ಮೊಟ್ಟೆಯನ್ನೂ ತಿನ್ನುವುದಿಲ್ಲ. ಅಲ್ಲಿ ಹೇಗೆ? ಮತ್ತೆ ಕೆಲಸದ ವಿಷಯ, ಇಷ್ಟು ದೂರಕ್ಕೆ ಕಂಪನಿಗಳು ಬರುತ್ತವಾ?

ಬೆಣ್ಣೆದೋಸೆ

ಮೊದಲ ವರ್ಷ ಈಗಷ್ಟೇ ಮುಗಿಸಿದೆ, ಮೆಕ್ಯಾನಿಕಲ್ಲೇ. ಕೆಲಸದ ವಿಷಯ ನಾನು ಹೇಳುತ್ತೇನೆ. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಎಸ್‌ಡಿಸಿ ಅನ್ನುವ ಕ್ಯಾಂಪಸ್ ಕ್ರೀಡಾ ಕಟ್ಟಡದ ಒಳಾಂಗಣ ಮೈದಾನದಲ್ಲಿ ಕರಿಯರ್ ಫೇರ್ ಆಗುತ್ತದೆ. ನೂರಾರು ಕಂಪನಿ ಬರುತ್ತವೆ, ಗಾಡಿ ಕಂಪನಿಗಳೇ ಜಾಸ್ತಿ. ಅಷ್ಟು ದೂರ ಬಂದವರು ಅವಸರ ಮಾಡುವುದಿಲ್ಲ, ನಿಂತು ಮಾತಾಡುತ್ತಾರೆ. ಆದರೆ ವೀಸಾ ಇರುವವರನ್ನು ತೆಗೆದುಕೊಳ್ಳುತ್ತೀರಾ ಅಂತ ಮೊದಲೇ ಕೇಳು. ನನಗೆ ಹತ್ತರಲ್ಲಿ ಏಳು ಕಡೆ ಇಲ್ಲ ಅಂದರು. ಅದು ಟೆಕ್ಸಸ್‌ನಲ್ಲೂ ಹಾಗೇ ಇರುತ್ತದೆ.

ಹಿಮದಲ್ಲಿ ಗಾಡಿ ಪರೀಕ್ಷೆ ಮಾಡುವುದು ಅಂತ ನೀನು ಹೇಳಿದ ಜಾಗ ಕೀವಿನಾ ರಿಸರ್ಚ್ ಸೆಂಟರ್, ವಿಮಾನ ನಿಲ್ದಾಣದ ಪಕ್ಕ. ಮಾರ್ಚ್‌ನಲ್ಲಿ ಅಲ್ಲಿ ಕ್ಲೀನ್ ಸ್ನೋಮೊಬೈಲ್ ಸ್ಪರ್ಧೆ ನಡೆಯುತ್ತದೆ. ಬೇರೆ ಬೇರೆ ಕಾಲೇಜಿನವರು ಹಿಮದ ಗಾಡಿಯ ಹೊಗೆ, ಸದ್ದು ಕಡಿಮೆ ಮಾಡಿ ತರುತ್ತಾರೆ. ನಾನು ಈ ಸಲ ಸ್ವಯಂಸೇವಕನಾಗಿ ಹೋಗಿದ್ದೆ. ಮೂಗು ಕೆಂಪಾಗಿ ಉರಿಯುತ್ತಿತ್ತು, ವಾಪಸ್ ಬರುವ ಮನಸ್ಸೇ ಇರಲಿಲ್ಲ.

ಊಟ: ಬೇಳೆ, ಅಕ್ಕಿ, ಮೊಸರು, ತರಕಾರಿ ಊರಿನಲ್ಲೇ ಸಿಗುತ್ತದೆ, ವಾಲ್‌ಮಾರ್ಟ್ ಗುಡ್ಡದ ಮೇಲಿದೆ. ಕರಿಬೇವು, ನುಗ್ಗೆಕಾಯಿ, ರಾಗಿಹಿಟ್ಟು ಬೇಕೆಂದರೆ ಚಿಕಾಗೋಗೆ ಹೋದವರ ಹತ್ತಿರ ಪಟ್ಟಿ ಕೊಡಬೇಕು. ಯಾರಾದರೂ ಕಾರು ತೆಗೆದರೆ ಗ್ರೂಪಿನಲ್ಲಿ ಸಂದೇಶ ಬರುತ್ತದೆ, ಹದಿನೈದು ಮನೆಯ ಪಟ್ಟಿ ಒಂದೇ ಡಿಕ್ಕಿಯಲ್ಲಿ ಬರುತ್ತದೆ. ಹೊರಗೆ ತಿನ್ನುವಾಗ ಮೊಟ್ಟೆ ಇಲ್ಲದ್ದು ಸಿಗುವುದು ಕಷ್ಟ. ಅಡುಗೆ ಕಲಿತು ಬಾ. ಇದನ್ನು ಒತ್ತಿ ಹೇಳುತ್ತೇನೆ.

ಇನ್ನೊಂದು. ಬ್ರೂಮ್‌ಬಾಲ್ ಟೀಮಿಗೆ ಸೇರು. ಐಸ್ ಮೇಲೆ ಸ್ಕೇಟ್ ಇಲ್ಲದೆ ಮಾಮೂಲಿ ಶೂ ಹಾಕಿಕೊಂಡು, ಟೇಪು ಸುತ್ತಿ ಗಟ್ಟಿ ಮಾಡಿದ ಪೊರಕೆಯಿಂದ ಚೆಂಡು ಹೊಡೆಯುವ ಆಟ. ಹಾಸ್ಟೆಲ್ ಪಕ್ಕದ ಬಯಲಲ್ಲೇ ರಿಂಕು ಮಾಡಿರುತ್ತಾರೆ, ರಾತ್ರಿ ಹೊತ್ತು ದೀಪದ ಕೆಳಗೆ ಆಟ. ಎಲ್ಲರೂ ಬೀಳುತ್ತಾರೆ. ಹಾಕಿ ಆಡಲು ಚಿಕ್ಕಂದಿನಿಂದ ಕಲಿತಿರಬೇಕು, ಇದಕ್ಕೆ ಏನೂ ಬೇಡ. ದಾವಣಗೆರೆಯವನೂ ಮಿನೆಸೋಟದವನೂ ಒಂದೇ ಸಲ ಜಾರುತ್ತಾರೆ. ನನ್ನ ಸ್ನೇಹಿತರೆಲ್ಲ ಅಲ್ಲಿಂದಲೇ ಬಂದವರು, ಕ್ಲಾಸಿನಿಂದ ಒಬ್ಬರೂ ಅಲ್ಲ.

ಶಿರಸಿ ಮಳೆ

ಮಾತಾಡುತ್ತೇನೆ ತಂಗಿ, ಭಾನುವಾರ ನಿಮ್ಮ ರಾತ್ರಿ ಎಂಟೂವರೆ. ಅಪ್ಪನಿಗೆ ವಿಡಿಯೋ ಕಾಲ್ ಸರಿಹೋಗುತ್ತದಾ ಕೇಳು. ಕಿಟಕಿಯಿಂದ ಊರು ತೋರಿಸುತ್ತೇನೆ.

ಹಬ್ಬದ ವಿಷಯ ಯಾರೂ ಹೇಳಲಿಲ್ಲ. ಸೆಪ್ಟೆಂಬರ್‌ನಲ್ಲಿ ಪರೇಡ್ ಆಫ್ ನೇಶನ್ಸ್ ಇರುತ್ತದೆ, 1990ರಿಂದ ನಡೆಯುತ್ತಿದೆ. ಬೇರೆ ಬೇರೆ ದೇಶದ ವಿದ್ಯಾರ್ಥಿಗಳು ತಮ್ಮ ಬಾವುಟ ಹಿಡಿದು ಹ್ಯಾನ್‌ಕಾಕ್‌ನಿಂದ ಲಿಫ್ಟ್ ಸೇತುವೆ ದಾಟಿ ಹೋಟನ್‌ಗೆ ನಡೆದು ಬರುತ್ತೇವೆ. ದೊಡ್ಡ ಹಡಗು ಬಂದರೆ ನಡುಭಾಗ ಪೂರ್ತಿ ಮೇಲಕ್ಕೆ ಏಳುವ ಸೇತುವೆ ಅದು. ಹೋದ ಸಲ ನಾನು ಅಮ್ಮನ ಇಳಕಲ್ ಸೀರೆ ಉಟ್ಟಿದ್ದೆ. ರಸ್ತೆ ಪಕ್ಕ ಕುರ್ಚಿ ಹಾಕಿ ಕೂತಿದ್ದ ಒಬ್ಬರು ಹಿರಿಯರು ಎದ್ದು ನಿಂತು ಕೈ ಮುಗಿದರು. ಅವರಿಗೆ ಯಾರು ಕಲಿಸಿದರೋ. ಬಂದಮೇಲೆ ಎಲ್ಲ ದೇಶದ ಊಟದ ಅಂಗಡಿ. ನಮ್ಮವರ ಮುಂದೆ ಸಾಲು ಬಾಗಿಲಿನ ಆಚೆವರೆಗೂ ಇತ್ತು.

ಜೋಳದ ಹೊಲ

ಬೆಣ್ಣೆದೋಸೆ ಬರೆದದ್ದು ಓದಿ ಒಂದು ಮಾತು ಹೊಳೆಯಿತು. ನಮ್ಮಲ್ಲೂ ಆಟ ಇತ್ತು, ಹಾಡಿನ ಗುಂಪು ಇತ್ತು. ಮೊದಲ ವಾರ ಬಾಗಿಲಿಗೆ ಚೀಟಿ ಅಂಟಿಸಿ ಹೋಗಿದ್ದರು. ನಾನು ಓದಲು ಬಂದವನು ಅಂದುಕೊಂಡು ಕಿತ್ತು ಹಾಕಿದೆ. ಹತ್ತೊಂಬತ್ತು ವರ್ಷದ ಹುಡುಗ, ಯಾರೂ ಹೇಳುವವರಿರಲಿಲ್ಲ. ಹೀಟರ್ ಕೆಟ್ಟದ್ದು, ಮಾಲೀಕ ಬಾರದಿದ್ದದ್ದು ನನ್ನ ಕೈಯಲ್ಲಿರಲಿಲ್ಲ. ಅದನ್ನು ಈಗಲೂ ಹಿಂತೆಗೆದುಕೊಳ್ಳುವುದಿಲ್ಲ. ಆದರೆ ಚೀಟಿ ನನ್ನ ಕೈಯಲ್ಲೇ ಇತ್ತು.

ತಂಗಿ, ಹೋಗುವುದಾದರೆ ದುಡ್ಡಿನಲ್ಲಿ ಒಂದು ಪಾಲು ಎತ್ತಿಡಿ. ಚಳಿಗಾಲದಲ್ಲಿ ಸಣ್ಣ ವಿಮಾನ ರದ್ದಾಗುತ್ತದೆ. ಚಿಕಾಗೋದಲ್ಲಿ ಒಂದು ರಾತ್ರಿ ಉಳಿಯುವಷ್ಟು ಯಾವಾಗಲೂ ಕೈಯಲ್ಲಿರಲಿ. ಜನವರಿಯಲ್ಲಿ ಊರಿನಿಂದ ವಾಪಸ್ ಬರುವಾಗ ಕ್ಲಾಸು ಶುರುವಾಗುವ ಎರಡು ದಿನ ಮೊದಲೇ ಬನ್ನಿ.

ಹಾಸನದ ಹುಡುಗಿ

ಭಾನುವಾರದ ಮಾತು ಮುಗಿಯಿತು. ಹತ್ತು ನಿಮಿಷ ಅಂದಿದ್ದು ಒಂದು ಗಂಟೆ ಆಯಿತು. ಶಿರಸಿ ಅಕ್ಕ ಕಿಟಕಿ ತೋರಿಸಿದರು. ಅಪ್ಪ ಹಿಮದ ಬಗ್ಗೆ ಏನೂ ಕೇಳಲಿಲ್ಲ. ನೀರು ಎಲ್ಲಿಂದ ಬರುತ್ತದೆ, ಕರೆಂಟು ಹೋದರೆ ಏನು ಮಾಡುತ್ತೀರಿ, ಆಸ್ಪತ್ರೆ ಎಷ್ಟು ದೂರ, ಇಷ್ಟೇ ಕೇಳಿದರು. ಕೊನೆಗೆ ಅಕ್ಕನಿಗೆ "ನಿನಗೆ ಜ್ವರ ಬಂದರೆ ಯಾರಮ್ಮ ನೋಡಿಕೊಳ್ಳುವವರು" ಅಂದರು. ತುಮಕೂರು ಅಮ್ಮ ಹೇಳಿದ ಮಾತೇ. ಅಕ್ಕ ಹೋದ ಡಿಸೆಂಬರ್‌ನಲ್ಲಿ ಮಲಗಿದ್ದಾಗ ರೂಮ್‌ಮೇಟ್ ಗಂಜಿ ಮಾಡಿಕೊಟ್ಟದ್ದು ಹೇಳಿದರು.

ಇವತ್ತು ಬೆಳಗ್ಗೆ ಅಪ್ಪ ಪೇಟೆಯಿಂದ ಬರುವಾಗ ದಪ್ಪ ಉಣ್ಣೆ ಸಾಕ್ಸು ನಾಲ್ಕು ಜೊತೆ ತಂದು ಮೇಜಿನ ಮೇಲೆ ಇಟ್ಟರು. ಏನೂ ಹೇಳಲಿಲ್ಲ. ಡೆಪಾಸಿಟ್ ಕಟ್ಟಲು ಕೊನೇ ದಿನ ಯಾವತ್ತು ಅಂತ ಮಾತ್ರ ಕೇಳಿದರು.

ಶಿರಸಿ ಮಳೆ

ಸಾಕ್ಸು ತಂದುಬಿಡು, ಅದು ಒಳ್ಳೆಯದೇ. ಜಾಕೆಟ್ಟು, ಬೂಟು ಮಾತ್ರ ಬೆಂಗಳೂರಿನಲ್ಲಿ ಕೊಳ್ಳಬೇಡ. ಇಲ್ಲಿಯ ಚಳಿಗೆ ಅವು ಸಾಲುವುದಿಲ್ಲ. ಹ್ಯಾನ್‌ಕಾಕ್‌ನಲ್ಲಿ ಹಳೇ ಬಟ್ಟೆ ಅಂಗಡಿ ಇದೆ, ಆಗಸ್ಟ್‌ನಲ್ಲಿ ಇಬ್ಬರೂ ಹೋಗೋಣ. ಬೂಟು ಅರ್ಧ ಸೈಜು ದೊಡ್ಡದು ತೆಗೆದುಕೊಳ್ಳಬೇಕು, ಈ ಸಾಕ್ಸಿನ ಮೇಲೆ ಹಾಕಿ ನೋಡಿಯೇ ಕೊಳ್ಳಬೇಕು, ಹಾಗಾಗಿ ಅದನ್ನು ಕೈಚೀಲದಲ್ಲೇ ಇಟ್ಟುಕೋ.

ಟಿಕೆಟ್ ಆದ ಮೇಲೆ ದಿನ, ಹೊತ್ತು ಕಳಿಸು. ವಿಮಾನ ನಿಲ್ದಾಣಕ್ಕೆ ನಾನೇ ಬರುತ್ತೇನೆ. ಸೂಟ್‌ಕೇಸಿನಲ್ಲಿ ಜಾಗ ಉಳಿದರೆ ನಿಮ್ಮಮ್ಮ ಮಾಡಿದ ಸಾರಿನ ಪುಡಿ ಒಂದು ಡಬ್ಬ ನನಗೂ ತಾ.